ಹಂದರವೂ ಚಪ್ಪರವೂ

ಲೋಕವ್ಯವಹಾರದಲ್ಲಿ ಕೆಲವು ಶಬ್ದಗಳು ಅವಳಿ ಮಕ್ಕಳಂತೆ ಜೊತೆಯಾಗಿಯೇ ತಿರುಗಾಡುವುವು. ಒಂದನ್ನು ಕರೆದರೆ ಇನ್ನೊಂದು ಓಗೊಡುವುದು. ಒಂದರ ಎಡೆಯಲ್ಲಿ ಇನ್ನೊಂದನ್ನು ಕೂಡಿಸಿದರೂ ಕೇಳುವವನು ತಡೆಯುವುದಿಲ್ಲ. ಹಂದರ, ಚಪ್ಪರ ಎಂಬೆರಡು ಮಾತುಗಳು ಆ ಬಗೆಯವು. ಮನೆಯ ಮುಂದಣ ಅಂಗಳದಲ್ಲಿ ಕಂಬ ನೆಟ್ಟು, ಮೇಲೆ ಗಳ ಕಟ್ಟಿ, ಸೊಪ್ಪು ಸೋಗೆಗಳನ್ನು ಹೊದಿಸಿ, ಮೂರು ದಿನದ ಮಂಗಲಕಾರ್ಯಕ್ಕೆ ನೆರಳು ಮಾಡಿಕೊಂಡರೆ ಅದನ್ನು ಧಾರವಾಡ, ವಿಜಯಪುರ, ಕಲಬುರಗಿಯ ಕಡೆಯವರು ಹಂದರವೆನ್ನುವರು. ಮೈಸೂರು, ತುಮಕೂರು, ಹಾಸನದ ಕಡೆಯವರು ಚಪ್ಪರವೆನ್ನುವರು. ವಸ್ತು ಒಂದೇ, ಸೀಮೆ ಬೇರೆ, ಆದುದರಿಂದ ಹೆಸರು ಬೇರೆ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಎರಡು ಹೆಸರುಗಳು ಬಹುಕಾಲದಿಂದ ಒಂದೇ ನುಡಿಯಲ್ಲಿ ಬಾಳಿಕೊಂಡು ಬಂದು, ಒಂದು ಇನ್ನೊಂದನ್ನು ನುಂಗಿಹಾಕದೆ ಉಳಿದಿದ್ದರೆ, ಅವುಗಳ ನಡುವೆ ಏನಾದರೊಂದು ಪಾಲುಪಾರಿಕತ್ತು ನಡೆದಿರಲೇಬೇಕು. ಆ ಪಾಲು ಯಾವುದೆಂದು ಅರಸಹೊರಟರೆ ವಿಷಯವು ನಿಘಂಟಿನೊಳಗೆ ನಿಲ್ಲದೆ ಗೃಹಸ್ಥನ ಮನೆಯ ಹೊಸ್ತಿಲವರೆಗೆ ಬಂದು ಕುಳಿತುಕೊಳ್ಳುವುದು.

ಬಡಗಣ ಸೀಮೆಯ ಬೀಗರೊಬ್ಬರು ತೆಂಕಣ ಸೀಮೆಯ ಬೀಗರ ಮನೆಗೆ ಮದುವೆಗೆ ಎರಡು ದಿನ ಮುಂಚಿತವಾಗಿ ಬಂದರೆಂದು ಭಾವಿಸಬಹುದು. ಕಾಲು ತೊಳೆದು, ನೀರು ಬೆಲ್ಲ ಸ್ವೀಕರಿಸಿ, ಅಂಗಳದ ಕಡೆ ನೋಡುತ್ತ ಅವರು ಕೇಳುವರು: “ಹಂದರದ ಕೆಲಸ ಎಲ್ಲಿಗೆ ಬಂತ್ರೀ, ಬೀಗರ?” ಮನೆಯ ಯಜಮಾನರ ಉತ್ತರ: “ಚಪ್ಪರ ಹಾಕಿ ಆಯ್ತು ಬೀಗರೇ, ಗರಿ ಹೊದಿಸೋದೊಂದು ಬಾಕಿ.” ಬಂದವರು ನಗದೆ ಇರಲಾರರು. “ಗರೀನೇ ಇಲ್ಲ ಅಂದ ಮ್ಯಾಲೆ ಅದು ಚಪ್ಪರ ಹೆಂಗಾತ್ರೀ? ಬರೇ ಹಂದರ ಆತು!” ನಗೆಯಲ್ಲಿ ತೇಲಿಹೋಗುವ ಈ ಮಾತಿನಲ್ಲಿಯೇ ತತ್ತ್ವವಿರುವುದು. ಕಂಬ ನಿಂತು, ಗಳ ಬಿಗಿದು, ಮೇಲೆ ಇನ್ನೂ ಆಕಾಶವೇ ಕಾಣುತ್ತಿರುವಾಗ ಆ ಕಟ್ಟಡಕ್ಕೆ ಸಲ್ಲುವ ಹೆಸರು ಹಂದರ. ಗರಿ ಹೊದ್ದ ಮೇಲೆ ಅದಕ್ಕೆ ಚಪ್ಪರವೆಂಬ ಹೆಸರು ಒಪ್ಪುವುದು.

ಶಬ್ದಗಳ ಹುಟ್ಟನ್ನು ನೋಡಿದರೂ ಇದೇ ಕಾಣುವುದು. ಹಂದರವು ಕನ್ನಡದ ಸ್ವಂತ ಮಾತು. ಹಳಗನ್ನಡದಲ್ಲಿ ಇದರ ರೂಪ ಪಂದರ್. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಪೂ ಹೂವಾದಂತೆ ಪಂದರವು ಹಂದರವಾಯಿತು. ತಮಿಳು ಮಲೆಯಾಳಗಳ ಪಂದಲ್, ತೆಲುಗಿನ ಪಂದಿರಿ ಇದರ ಒಡಹುಟ್ಟಿದವು. ತಮಿಳಿನ ಪಂದಲನ್ನು ಇಂಗ್ಲಿಷರು ಎತ್ತಿಕೊಂಡು ತಮ್ಮ ನಾಲಗೆಗೆ ಹೊಂದಿಸಿಕೊಂಡರು. ಅದು ಸಭೆ ಸಮ್ಮೇಲನಗಳ ಕಾಲದಲ್ಲಿ ಪೆಂಡಾಲು ಎಂಬ ವೇಷ ಧರಿಸಿ ಕನ್ನಡನಾಡಿಗೆ ಬಂದಿತು. ಮನೆಯಲ್ಲಿ ಹಂದರವಿದ್ದವನು ಪೆಂಡಾಲನ್ನು ಬಾಡಿಗೆಗೆ ತರಿಸಿದನು. ದೊಡ್ಡಪ್ಪನ ಮಗನನ್ನೇ ಪರದೇಶದ ಅತಿಥಿಯೆಂದು ತಿಳಿದು ಕುರ್ಚಿ ಕೊಟ್ಟಂತಾಯಿತು. ಚಪ್ಪರದ ನೆಂಟಸ್ತಿಕೆಯಾದರೋ ಉತ್ತರಕ್ಕೆ ಹಬ್ಬಿರುವುದು. ಹಿಂದಿಯಲ್ಲಿ ಛಪ್ಪರ್ ಎಂದರೆ ಹುಲ್ಲು ಹೊದಿಸಿದ ಮಾಡು. ಮರಾಠಿಯಲ್ಲಿಯೂ ಅದೇ ಅರ್ಥ. ದೇವರು ಕೊಡಬೇಕೆಂದರೆ ಛಪ್ಪರವನ್ನು ಹರಿದಾದರೂ ಕೊಡುವನೆಂಬ ಆಡುಮಾತು ಹಿಂದೀ ಜನರಲ್ಲಿ ಬಳಕೆಯಲ್ಲಿದೆ. ಹರಿಯಲು ಬರುವುದು ಹೊದಿಕೆಯನ್ನೇ ಹೊರತು ಕಂಬವನ್ನಲ್ಲ.

ಜನರ ಬಾಯಲ್ಲಿ ಈ ಮಾತುಗಳು ಅಂಗಳವನ್ನು ಬಿಟ್ಟು ಬೇರೆಡೆಗೆ ಹೋದಾಗಲೂ ತಮ್ಮ ಗುಣವನ್ನು ಬಿಟ್ಟಿಲ್ಲ. ಬಹುದಿನ ಕಾಯಿಲೆ ಬಿದ್ದು ಎದ್ದವನನ್ನು ಕಂಡು, ಮೈಯೆಲ್ಲ ಎಲುಬಿನ ಹಂದರವಾಗಿದೆ ಎಂದು ಮರುಗುವರು. ಎಲುಬಿನ ಚಪ್ಪರವೆಂದು ಯಾರೂ ಹೇಳರು. ಕಥೆಗೆ ಹಂದರವುಂಟು, ಕಾವ್ಯಕ್ಕೆ ಹಂದರವುಂಟು. ಅಂದರೆ ವರ್ಣನೆ ಅಲಂಕಾರಗಳನ್ನೆಲ್ಲ ತೆಗೆದರೂ ಉಳಿಯುವ ಒಳಗಟ್ಟು. ಮೇಲುಹೊದಿಕೆಯುಳ್ಳ ಮಂಚವಾದರೋ ಚಪ್ಪರಮಂಚ, ಅದು ಹಂದರಮಂಚವಾಗಲಿಲ್ಲ. ಹೊರುವುದು ಹಂದರ, ಹೊದಿಸುವುದು ಚಪ್ಪರ ಎಂಬ ಈ ಪಾಲು ಯಾವ ಪಂಡಿತನೂ ಮಾಡಿಕೊಟ್ಟದ್ದಲ್ಲ, ಹೊಲಮನೆಯ ಜನ ತಾವೇ ಮಾಡಿಕೊಂಡದ್ದು.

ಆದರೂ ವಾದವನ್ನು ಅತಿಯಾಗಿ ಎಳೆಯಲಾಗದು. ಬಳ್ಳಿ ಹಬ್ಬಿಸಲು ಕಟ್ಟುವ ಕಟ್ಟನ್ನು ಒಂದು ಕಡೆ ಮಲ್ಲಿಗೆಯ ಹಂದರ, ಹೀರೆಯ ಹಂದರ ಎನ್ನುವಂತೆ ಇನ್ನೊಂದು ಕಡೆ ಚಪ್ಪರವೆಂದೇ ಕರೆಯುವರು. ಹಳೆಯ ಮೈಸೂರಿನ ಸೀಮೆಯಲ್ಲಿ ಒಂದು ಜಾತಿಯ ಅವರೆಗೆ ಚಪ್ಪರದವರೆ ಎಂಬ ಹೆಸರೇ ಸ್ಥಿರವಾಗಿದೆ. ಆಡುವ ಜನರು ಗೆರೆ ಕೊಯ್ದು ಮಾತನಾಡುವವರಲ್ಲ. ಗೆರೆ ಮಸುಕಾಗಿದ್ದರೂ ಇದೆ ಎಂಬುದಷ್ಟೇ ಇಲ್ಲಿ ಹೇಳತಕ್ಕದ್ದು. ಮಸುಕಾದ ಗೆರೆಯನ್ನು ಮರೆತುದರಿಂದ ಸೊಪ್ಪಿಗೇನೂ ನಷ್ಟವಾಗಲಿಲ್ಲ, ಮನುಷ್ಯನಿಗೆ ಆಗಿದೆ.

ಮದುವೆಯ ವಿಧಿಯನ್ನೇ ಗಮನಿಸಬೇಕು. ಹಂದರವೆನ್ನುವ ಸೀಮೆಯಲ್ಲಿ ಹಂದರಗಂಬವನ್ನು ಪೂಜಿಸುವರು. ಚಪ್ಪರವೆನ್ನುವ ಸೀಮೆಯಲ್ಲಿ ಚಪ್ಪರದ ದಿನ, ಚಪ್ಪರದ ಊಟ ಎಂದೆಲ್ಲ ಹೆಸರಿಟ್ಟುಕೊಂಡರೂ ಪೂಜೆ ಸಲ್ಲುವುದು ಹಾಲುಗಂಬಕ್ಕೇ. ಅತ್ತಿಯಂಥ ಹಾಲುಮರದ ಹಸಿಯ ಕೊಂಬೆಯನ್ನು ತಂದು, ಕೆಲವೆಡೆ ಸೋದರಮಾವನೇ ಹೆಗಲ ಮೇಲೆ ಹೊತ್ತು ತಂದು, ಬುಡಕ್ಕೆ ಹಾಲೆರೆದು, ಅರಿಸಿನ ಕುಂಕುಮವಿಟ್ಟು ಮುತ್ತೈದೆಯರು ನೆಡಿಸುವರು. ಮೇಲೆ ಹೊದಿಸಿದ ಗರಿಗೆ ಆರತಿ ಎತ್ತಿದವರುಂಟೆ? ಮಾವಿನ ತೋರಣ ಎಷ್ಟು ಸೊಗಸಾಗಿದ್ದರೂ ಅದಕ್ಕೆ ಹಾಲೆರೆದವರುಂಟೆ? ಹಿರಿಯರು ಹೆಸರನ್ನು ಹೊದಿಕೆಗೆ ಕೊಟ್ಟರೂ ಮರ್ಯಾದೆಯನ್ನು ಕಂಬಕ್ಕೆ ಕೊಟ್ಟರು. ಒಂದು ಮನೆಯ ಮಗಳು ಇನ್ನೊಂದು ಮನೆಯನ್ನು ಹೊರುವುದಕ್ಕೆ ಹೊರಡುವ ದಿನದಲ್ಲಿ ಹೊರುವ ವಸ್ತುವಿಗೆ ಮೊದಲ ಪೂಜೆಯಾಗುವುದು ಯುಕ್ತವೇ ಆಗಿದೆ.

ಇನ್ನು ಇದನ್ನು ಕಟ್ಟುವ ಕೈಗಳು. ಮಲೆನಾಡಿನಲ್ಲಿ ಅಡಿಕೆಯ ದಬ್ಬೆ ಮತ್ತು ಸೋಗೆ, ತೆಂಗಿನ ಸೀಮೆಯಲ್ಲಿ ತೆಂಗಿನ ಗರಿ, ಬಯಲುಸೀಮೆಯಲ್ಲಿ ಬೇವಿನ ತೊಪ್ಪಲು, ಹೀಗೆ ಹೊದಿಕೆ ಊರಿಂದೂರಿಗೆ ಬದಲಾಗುವುದು. ಬದಲಾಗದಿರುವುದು ಕಟ್ಟುವ ಕ್ರಮ. ಹಾರೆಯಿಂದ ಮೊಳದುದ್ದ ಗುಣಿ ತೋಡುವುದು, ಕವಲುಳ್ಳ ಕಂಬವನ್ನು ನೆಟ್ಟು ಕಲ್ಲು ಮಣ್ಣು ಜಡಿದು ಗಟ್ಟಿಮಾಡುವುದು, ಕವಲಿನಲ್ಲಿ ಉದ್ದದ ಗಳ ಕೂರಿಸುವುದು, ಅದರ ಮೇಲೆ ಅಡ್ಡಗಳ ಹರಡುವುದು, ಗಂಟುಗಂಟಿಗೂ ಹಗ್ಗ ಸುತ್ತಿ ಬಿಗಿಯುವುದು. ಬಿದಿರನ್ನು ಕಡಿದು ತರುವವನು ಮೇದಾರ. ಹಗ್ಗ ಹೊಸೆಯುವವನು ಇನ್ನೊಬ್ಬ ಕಾಯಕದವನು. ಶರಣರ ಗಣದಲ್ಲಿ ಮೇದಾರ ಕೇತಯ್ಯನವರು ಬಿದಿರಿನ ಕಾಯಕದವರು, ನುಲಿಯ ಚಂದಯ್ಯನವರು ಹೊಡಕೆಯ ಹುಲ್ಲಿನಿಂದ ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದವರು ಎಂಬುದನ್ನು ನೆನೆದರೆ, ಅಂಗಳದ ಹಂದರದಲ್ಲಿ ಇಬ್ಬರು ಶರಣರ ಕಾಯಕವು ಒಂದರೊಡನೊಂದು ಗಂಟುಬಿದ್ದಿರುವುದು ಕಾಣುವುದು. ಹುಲ್ಲು ಕೊಯ್ಯುವಾಗ ಕೆರೆಯಲ್ಲಿ ಜಾರಿದ ಲಿಂಗಕ್ಕಾಗಿಯೂ ಚಂದಯ್ಯನವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ಪ್ರಸಿದ್ಧವಾದುದು. ಅವರು ಹೊಸೆದ ಹಗ್ಗವು ಎಷ್ಟು ದಿನ ಬಾಳುವುದೆಂದು ಎಣಿಸಿ, ಕಡಿಮೆ ದಿನಕ್ಕೆ ಬೇಕಾದುದನ್ನು ಕಡಿಮೆ ಹುರಿಯಿಂದ ಹೊಸೆದಿದ್ದರೆ, ಆ ಕಥೆಯು ಇಂದಿನವರೆಗೆ ನಡೆದು ಬರುತ್ತಿತ್ತೆ?

ಇಲ್ಲಿಯೇ ಧರ್ಮದ ಪ್ರಶ್ನೆ ಹುಟ್ಟುವುದು. ಕೀಳುವುದಕ್ಕೆಂದೇ ನೆಟ್ಟ ಕಂಬವನ್ನು ಎಷ್ಟು ಆಳಕ್ಕೆ ನೆಡಬೇಕು? ಬಿಚ್ಚುವುದಕ್ಕೆಂದೇ ಕಟ್ಟಿದ ಗಂಟನ್ನು ಎಷ್ಟು ಬಿಗಿಯಬೇಕು? ಮೂರು ದಿನದ ಕೆಲಸಕ್ಕೆ ಮೂವತ್ತು ವರ್ಷದ ಕೆಲಸದಷ್ಟು ನಿಷ್ಠೆ ಸಲ್ಲುವುದೆ? ಸಲ್ಲದು ಎಂಬುದೇ ಲೋಕದ ಸಾಮಾನ್ಯ ಉತ್ತರ. “ಮೂರು ದಿನ ನಿಂತರೆ ಸಾಕು” ಎಂಬ ಮಾತು ಕೂಲಿಯವನ ಬಾಯಲ್ಲಿಯೂ ಇದೆ, ಯಜಮಾನನ ಬಾಯಲ್ಲಿಯೂ ಇದೆ. ಆ ಉತ್ತರದ ಫಲವನ್ನು ನಾಡು ಹಲವು ಸಲ ಉಂಡಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ 90ಕ್ಕಿಂತ ಹೆಚ್ಚು ಜನ ತೀರಿಹೋದರು. ಅವರಲ್ಲಿ ಬಹುಪಾಲು ಎಳೆಯ ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ಸಮಾರಂಭಕ್ಕೆ ಹಾಕಿದ್ದ ಶಾಮಿಯಾನವು ಉರಿದು ನೆತ್ತಿಯ ಮೇಲೆ ಬಿದ್ದಾಗ 400ಕ್ಕೂ ಮಿಕ್ಕ ಜನ ಸತ್ತರು. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದಲ್ಲಿ ಕಲ್ಯಾಣಮಂಟಪದ ಮಾಳಿಗೆಯ ಮೇಲೆ ಹೊದಿಸಿದ್ದ ಗರಿಯ ಚಪ್ಪರಕ್ಕೆ ಕಿಡಿ ತಾಗಿ, ಮದುಮಗನೂ ಸೇರಿದಂತೆ 50ಕ್ಕಿಂತ ಹೆಚ್ಚು ಜನ ಅಳಿದರು. ಡಬ್ವಾಲಿಯಲ್ಲಿಯೂ ಶ್ರೀರಂಗದಲ್ಲಿಯೂ ಹೊರಬರುವ ದಾರಿ ಕಿರಿದಾಗಿತ್ತು. ಹೊದಿಕೆಯ ಅಂದವನ್ನು ಯೋಚಿಸಿದವರು ಅದರ ಕೆಳಗೆ ಕುಳಿತವರು ಎದ್ದು ಹೋಗುವ ಬಗೆಯನ್ನು ಯೋಚಿಸಲಿಲ್ಲ.

ಕಟ್ಟಡ ತಾತ್ಕಾಲಿಕವಾದುದು ನಿಜ. ಅದರ ಕೆಳಗೆ ಕುಳಿತವನ ಪ್ರಾಣವು ತಾತ್ಕಾಲಿಕವೆಂದು ಹೇಳುವ ಅಧಿಕಾರ ಕಟ್ಟಿದವನಿಗಿಲ್ಲ. ಮೂವತ್ತು ವರ್ಷ ನಿಲ್ಲುವ ಮನೆಯಲ್ಲಿ ದಿನಕ್ಕೆ ಆರು ಜನ ಮಲಗುವರು. ಮೂರು ದಿನ ನಿಲ್ಲುವ ಹಂದರದ ಕೆಳಗೆ ಒಂದೇ ಹೊತ್ತಿಗೆ ಆರುನೂರು ಜನ ಊಟಕ್ಕೆ ಕೂಡುವರು. ಹೊಣೆಯನ್ನು ದಿನಗಳಿಂದ ಎಣಿಸಬೇಕೋ ಜನಗಳಿಂದ ಎಣಿಸಬೇಕೋ ಎಂದು ಕೇಳಿದರೆ ಉತ್ತರ ಕಷ್ಟವಲ್ಲ. ಅಲ್ಪಕಾಲವೆಂಬುದು ಕೆಲಸಕ್ಕೆ ಅಳತೆಯಾದೀತು, ನಿಷ್ಠೆಗೆ ಅಳತೆಯಾಗಲಾರದು. ಕಲ್ಯಾಣದ ಶರಣಸಮೂಹವಾದರೂ ದೀರ್ಘಕಾಲ ಒಂದೆಡೆ ನಿಂತುದಲ್ಲ. ಕ್ರಿ.ಶ. 1167ರ ಸುಮಾರಿನ ವಿಪ್ಲವದಲ್ಲಿ ಅದು ಚದುರಿತು. ಚೆನ್ನಬಸವಣ್ಣನವರೊಡನೆ ಒಂದು ತಂಡವು ಉಳವಿಯ ಕಾಡಿನತ್ತ ನಡೆಯಿತೆಂದು ಪರಂಪರೆ ಹೇಳುವುದು. ಕೆಲವೇ ವರ್ಷ ನಿಂತ ಆ ಹಂದರಕ್ಕೆ ಅವರು ಬಿಗಿದ ಗಂಟುಗಳು ಎಂಟು ನೂರು ವರ್ಷಕ್ಕೂ ಸಡಿಲಲಿಲ್ಲ.

ಇನ್ನೊಂದು ಬೆಂಕಿಯುಂಟು, ಅದರ ಸುದ್ದಿ ಪತ್ರಿಕೆಗಳಲ್ಲಿ ಬರುವುದಿಲ್ಲ. ಮದುವೆಯ ಸಾಲದ ಬೆಂಕಿ ಅದು. ಹಿಂದೆ ಹೊದಿಕೆಯೆಂದರೆ ನೆರೆಯ ತೋಟದ ಗರಿ, ಊರಿನವರೆಲ್ಲ ಕೂಡಿ ಕಡಿದು ತಂದ ತೊಪ್ಪಲು. ಇಂದು ಬಹುಜನರ ಮದುವೆಗಳು ಕಲ್ಯಾಣಮಂಟಪಗಳಲ್ಲಿ ನಡೆಯುವುವು. ಅಲ್ಲಿ ಕಂಬವೂ ಮಾಡೂ ಕಾಂಕ್ರೀಟಿನವು. ಬಿಸಿಲು ಮಳೆಯ ಅಂಜಿಕೆಯಿಲ್ಲ. ಆದರೂ ಮನೆಯ ಮುಂದೆ ಹೆಸರಿಗೆ ನಾಲ್ಕು ಗಳ ನೆಟ್ಟು ಒಂದು ಹಿಡಿ ಸೊಪ್ಪು ಕಟ್ಟದೆ ಹಿರಿಯರಿಗೆ ಸಮಾಧಾನವಿಲ್ಲ, ಅದು ಸರಿಯೇ. ಆಶ್ಚರ್ಯವೆಂದರೆ, ನೆರಳಿನ ಅಗತ್ಯವೇ ಇಲ್ಲದ ಆ ಮಂಟಪದ ಒಳಗೆ ಮತ್ತೊಂದು ಮಂಟಪ ಏಳುವುದು. ದೂರದೂರಿಂದ ಹೂವು ಬರುವುದು, ಬಣ್ಣದ ಬಟ್ಟೆ ಬರುವುದು, ಸಾವಿರ ದೀಪ ಬರುವುದು. ಒಂದು ರಾತ್ರಿಯ ಅಲಂಕಾರ ಮರುದಿನ ಬೆಳಗಿಗೆ ಗಾಡಿಯಲ್ಲಿ ಹೊರಟುಹೋಗುವುದು. ಮಾಡಿನ ಕೆಳಗೆ ಹಾಕಿದ ಈ ಮಾಡಿಗೆ ಏನು ಹೆಸರಿಡಬೇಕು? ಹೊರುವುದಿಲ್ಲವಾದುದರಿಂದ ಹಂದರವಲ್ಲ, ನೆರಳು ಕೊಡುವುದಿಲ್ಲವಾದುದರಿಂದ ಚಪ್ಪರವೂ ಅಲ್ಲ.

ಈ ಮೂರನೆಯ ವಸ್ತುವಿಗೆ ಹೆಸರಿಲ್ಲದಿದ್ದರೂ ಬೆಲೆಯುಂಟು. ಅದನ್ನು ತೆರುವವನು ಎರಡು ಎಕರೆ ಹೊಲದ ಒಡೆಯ, ಸಣ್ಣ ಅಂಗಡಿಯವನು, ಶಾಲೆಯ ಮಾಸ್ತರ. ಮನೆಯನ್ನು ಇಷ್ಟು ವರ್ಷ ಹೊತ್ತ ಕಂಬಗಳು ಯಾವುವು? ಹೊಲ, ಎತ್ತು, ಹೆಂಡತಿಯ ಕೈಯಲ್ಲಿದ್ದ ನಾಲ್ಕು ಬಳೆ, ಊರಿನಲ್ಲಿದ್ದ ನಂಬಿಕೆ. ಅವನ್ನೇ ಕಿತ್ತು ಮಾರಿ ಹೊದಿಕೆ ತರುವನು. ಮಗಳ ಮದುವೆಯಲ್ಲಿ ಬೀಗರ ಮುಂದೆ ತಲೆ ತಗ್ಗಿಸಬಾರದೆಂಬ ಆಸೆಯೇ ಇದರ ಮೂಲ. ಅದನ್ನು ಬರಿಯ ಡಂಭವೆಂದು ಜರೆಯುವುದು ನ್ಯಾಯವಲ್ಲ. ಮಗಳು ಹೋದ ಮನೆಯಲ್ಲಿ ಹಗುರಾಗಬಾರದೆಂಬ ತಂದೆಯ ಸಂಕಟ ಅದರೊಳಗಿದೆ. ಆ ಸಂಕಟವನ್ನು ಅರಿಯದೆ ಮಿತವ್ಯಯವನ್ನು ಉಪದೇಶಿಸುವವನ ಮಾತು ಯಾರ ಕಿವಿಗೂ ಹೋಗದು. ಆದರೆ ಮೂರು ವರ್ಷ ಕಳೆದು ಅದೇ ಮಗಳು ಕಷ್ಟವೆಂದು ತವರಿಗೆ ಬಂದಾಗ, ಹೊದಿಕೆಗಾಗಿ ಕಂಬಗಳನ್ನು ಮಾರಿದ ತಂದೆಯು ಅವಳನ್ನು ಯಾವ ನೆರಳಿನಲ್ಲಿ ಕೂರಿಸುವನು? ಬೀಗರ ಕಡೆಯವರೂ ಯೋಚಿಸಬೇಕಾದ ಮಾತಿದು. ಸೊಸೆಯ ತವರಿನ ಕಂಬ ಮುರಿಸಿ ಒಂದು ರಾತ್ರಿಯ ದೀಪಗಳನ್ನು ನೋಡಿದವರು, ತಮ್ಮ ಮನೆಯ ಅರ್ಧ ಕಂಬವನ್ನೇ ಮುರಿಸಿದಂತೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಚರಿತ್ರೆಯನ್ನು ಅರಿಯದ ಭಕ್ತರಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅಷ್ಟರಲ್ಲಿಯೇ ಆ ದಂಪತಿಗಳ ದಾಸೋಹ. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿ ಬಂದಾಗ ಲಕ್ಕಮ್ಮನವರು ಅದನ್ನು ಒಳಗೆ ಕೊಳ್ಳಲಿಲ್ಲ; ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಿರುಗಿಸಿದರು. ಬಡತನದ ಮನೆಯಲ್ಲಿ ಬಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸುವುದು ಮೇಲ್ನೋಟಕ್ಕೆ ಅವಿವೇಕವಾಗಿ ಕಂಡೀತು. ಆದರೆ ಲಕ್ಕಮ್ಮನವರು ಅಕ್ಕಿಯನ್ನು ಅಳೆದುದು ಮನೆಯ ಹಂದರದಿಂದ. ಇಷ್ಟು ಕಂಬಕ್ಕೆ ಇಷ್ಟು ಭಾರ ಎಂಬುದನ್ನು ಅವರು ಬಲ್ಲವರಾಗಿದ್ದರು. ಕಾಯಕದಿಂದ ಬಂದ ಸೋಗೆಯನ್ನು ಹಂದರ ತಾಳುವುದು. ಆಸೆಯಿಂದ ಬಂದ ಸೋಗೆ ಹಂದರವನ್ನು ಕುಸಿಯಿಸುವುದು. ಅವರ ಮನೆಯಲ್ಲಿ ಉಂಡು ಹೋದವರಿಗೆ ನೆರಳೇನೂ ಕಡಿಮೆಯಾಗಲಿಲ್ಲ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಹಂದರವೇ ಸಾರ, ಚಪ್ಪರ ಬರಿಯ ತೋರಿಕೆ ಎಂದು ತೀರ್ಪು ಕೊಡಲು ಮನಸ್ಸು ಹಾತೊರೆಯುವುದು. ಅದು ಅವಸರದ ತೀರ್ಪು. ವೈಶಾಖದ ಬಿಸಿಲಿನಲ್ಲಿ ಕಲಬುರಗಿಯ ಕಡೆಯ ಮದುವೆಗೆ ಹೋದವನನ್ನು ಕೇಳಬೇಕು. ಕಂಬ ಎಷ್ಟೇ ಗಟ್ಟಿಯಾಗಿರಲಿ, ಗಳ ಎಷ್ಟೇ ನೇರವಾಗಿರಲಿ, ಅದರ ಸಂದಿನಿಂದ ಬಿಸಿಲು ನೆತ್ತಿಗೇ ಇಳಿಯುವುದು. ನೆರಳು ಕೊಡುವುದು ತೊಪ್ಪಲೇ. ಬಂದ ಅತಿಥಿಯು ಕಂಬದ ಕೆಳಗೆ ಕೂರುವುದಿಲ್ಲ, ಸೋಗೆಯ ಕೆಳಗೆ ಕೂರುವನು. ಸಮಾಜದಲ್ಲಿ ಬರಿಯ ಹಂದರವಾಗಿ ಬಾಳುವ ಮನೆಗಳೂ ಉಂಟು. ಅಲ್ಲಿ ಯಜಮಾನನ ಆಚಾರ ಗಟ್ಟಿ, ಲೆಕ್ಕ ಗಟ್ಟಿ, ಮಾತು ಗಟ್ಟಿ, ಸಾಲವಿಲ್ಲ, ಸುಳ್ಳಿಲ್ಲ. ಆದರೆ ಹಸಿದು ಬಂದವನಿಗೆ ಅಲ್ಲಿ ಕೂರಲು ನೆರಳಿಲ್ಲ. ಅತ್ತು ಬಂದವಳಿಗೆ ಒಂದು ಮೆತ್ತನೆಯ ಮಾತಿಲ್ಲ. ಇಂಥ ಮನೆಯನ್ನು ಊರು ಗೌರವದಿಂದ ನೋಡುತ್ತ ದೂರದಿಂದಲೇ ಹಾದುಹೋಗುವುದು. ಬೇಸಗೆಯಲ್ಲಿ ದಾರಿಯ ಮಗ್ಗುಲಿಗೆ ಅರವಟ್ಟಿಗೆ ಇಡುವ ಬಡವನ ನಾಲ್ಕು ವಕ್ರ ಗಳ, ಹರಕು ಚಾಪೆ, ಎರಡು ಮಣ್ಣಿನ ಕೊಡ ಅದಕ್ಕಿಂತ ಮಿಗಿಲು. ಹಂದರವು ಹೊರುವುದು ಏತಕ್ಕೆ? ತನ್ನ ನೇರವನ್ನು ತಾನೇ ನೋಡಿಕೊಳ್ಳುವುದಕ್ಕಲ್ಲ.

ಇಲ್ಲಿಗೆ ಬಂದಾಗ ಮಲ್ಲಿಗೆಯ ಹಂದರವನ್ನು ಇನ್ನೊಮ್ಮೆ ನೆನೆಯುವುದು ಒಳಿತು. ಮದುವೆಯ ಚಪ್ಪರದ ಹಸಿರು ಬೇರೊಂದು ಮರದಲ್ಲಿ ಹುಟ್ಟಿ, ಕತ್ತಿಗೆ ಸಿಕ್ಕಿ, ಬುಡ ಕಳೆದುಕೊಂಡು ಬಂದದ್ದು. ಮೊದಲ ದಿನ ಅದರಷ್ಟು ಹಸಿರು ಊರಿನಲ್ಲಿಯೇ ಇಲ್ಲ. ಎರಡನೆಯ ದಿನ ಸುರುಟುವುದು. ಮೂರನೆಯ ದಿನ ಗಾಳಿಗೆ ಸದ್ದು ಮಾಡುವುದು. ಮಲ್ಲಿಗೆಯ ಹಂದರದ ಹಸಿರಾದರೋ ಆ ಹಂದರದ ಬುಡದಲ್ಲಿಯೇ ಬೇರು ಬಿಟ್ಟದ್ದು. ಮೊದಲ ತಿಂಗಳು ನೋಡಿದವರು ಇದೇನು ಒಣ ಗಳ ಎನ್ನುವರು. ಬಳ್ಳಿ ಒಂದೊಂದೇ ಗೇಣು ಏರುವುದು. ಎರಡು ಮಳೆ ಕಳೆದ ಮೇಲೆ ಹಂದರ ಕಣ್ಣಿಗೇ ಕಾಣದು, ಬಳ್ಳಿಯೇ ಚಪ್ಪರವಾಗಿರುವುದು. ವಿಜಯಪುರದ ಕಡೆಯ ದ್ರಾಕ್ಷಿಯ ತೋಟಗಳನ್ನು ಹೊಕ್ಕು ನೋಡಿದವರು ಈ ಮಾತನ್ನು ಒಪ್ಪುವರು. ಹೊರುವುದೂ ಹೊದಿಸುವುದೂ ಒಂದಾದ ಸ್ಥಿತಿ ಅದು.

ಮದುವೆಗೆ ಬಳ್ಳಿ ಬೆಳೆಸಿ ಕುಳಿತುಕೊಳ್ಳಲಾಗದು ನಿಜ. ಮೂರು ದಿನಕ್ಕೆ ಕಡಿದ ಗರಿಯೇ ಸರಿ, ಅದರಲ್ಲಿ ದೋಷವಿಲ್ಲ. ದೋಷವಿರುವುದು ಕಡಿದು ತಂದ ಹಸಿರನ್ನು ಬೆಳೆದ ಹಸಿರೆಂದು ನಂಬಿ, ವರ್ಷವಿಡೀ ಅದರ ಕೆಳಗೆ ಸಂಸಾರ ಹೂಡುವುದರಲ್ಲಿ. ಸಾಲದ ಸಿರಿ, ಯಾರದೋ ಹೆಸರಿನ ಮರ್ಯಾದೆ, ಹಬ್ಬದ ದಿನದ ಭಕ್ತಿ, ಇವೆಲ್ಲ ಕಡಿದ ಗರಿಗಳೇ. ಮಕ್ಕಳು ಮನೆಯಲ್ಲಿ ನೋಡಿ ಕಲಿತ ಸತ್ಯ, ದಿನಕ್ಕೊಂದು ಹಿಡಿ ಅನ್ನವನ್ನು ಇನ್ನೊಬ್ಬರಿಗೆಂದು ತೆಗೆದಿಡುವ ರೂಢಿ, ಇವು ಬುಡದಲ್ಲಿ ಬೇರು ಬಿಟ್ಟ ಬಳ್ಳಿಗಳು. ಇವಕ್ಕೆ ಕಾಲ ಬೇಕು, ಮತ್ತು ಆ ಕಾಲದವರೆಗೆ ಒಣ ಗಳವಾಗಿ ಕಾಣಿಸಿಕೊಳ್ಳುವ ಧೈರ್ಯ ಬೇಕು. ಗೃಹಸ್ಥನಿಗೆ ಕಷ್ಟವಾಗುವುದು ಈ ಎರಡನೆಯದೇ.

ಕಲ್ಲಿನ ಗುಡಿ ಕಟ್ಟಿಸುವ ಸಿರಿಯಿಲ್ಲದ ಭಕ್ತನು ತನ್ನ ಒಡಲನ್ನೇ ಗುಡಿಯಾಗಿ ಒಡೆಯನಿಗೊಪ್ಪಿಸುವ ಬಸವಣ್ಣನವರ ವಚನವು ಮನೆಮನೆಯ ಮಾತಾಗಿದೆ. ಅದರ ಕ್ರಮವನ್ನು ಮಾತ್ರ ಎಲ್ಲರೂ ಗಮನಿಸಿದಂತಿಲ್ಲ. ಒಡಲಿನ ಗುಡಿಯನ್ನು ಅಣ್ಣನವರು ಕಟ್ಟತೊಡಗುವುದು ಕೆಳಗಿನಿಂದ. ಮೊದಲು ಕಂಬದ ಮಾತು, ಆಮೇಲೆ ಗುಡಿಯ ಮಾತು, ಕಳಶ ಎಲ್ಲಕ್ಕೂ ಕೊನೆಗೆ. ನಡೆಯುವ ಕಾಲೇ ಅಲ್ಲಿ ಕಂಬ. ಕಲ್ಲಿನ ಕಂಬ ನಿಂತಲ್ಲಿ ನಿಲ್ಲುವುದು. ಈ ಕಂಬ ನಡೆದಾಡುವುದು, ಹಸಿದವನ ಮನೆಯ ಬಾಗಿಲಿಗೂ ಹೋಗಬಲ್ಲುದು. ಒಡಲಾದರೂ ಎಷ್ಟು ದಿನದ್ದು? ಅದೂ ಬಿಚ್ಚುವುದಕ್ಕೆಂದೇ ಕಟ್ಟಿದ ಹಂದರ. ಬಿಚ್ಚುವ ದಿನ ಗೊತ್ತಿಲ್ಲವೆಂಬುದೊಂದೇ ಮದುವೆಯ ಹಂದರಕ್ಕೂ ಇದಕ್ಕೂ ಇರುವ ಭೇದ. ಹೀಗಿರುವಾಗ ತಾತ್ಕಾಲಿಕವಾದುದಕ್ಕೆ ನಿಷ್ಠೆ ಬೇಡವೆಂದರೆ, ನಿಷ್ಠೆ ಸಲ್ಲಿಸಲು ಮನುಷ್ಯನ ಬಳಿ ಬೇರೆ ಯಾವ ವಸ್ತು ಉಳಿಯುವುದು?

ಕಟ್ಟುವುದನ್ನು ಕುರಿತು ಆಡಿದಷ್ಟು ಜನ ಬಿಚ್ಚುವುದನ್ನು ಕುರಿತು ಆಡುವುದಿಲ್ಲ. ಮಲೆನಾಡಿನಲ್ಲಿ ಮಳೆ ನಿಂತ ಮೇಲೆ ಅಂಗಳಕ್ಕೆ ಚಪ್ಪರ ಹಾಕಿ, ಮುಂದಿನ ಮಳೆಗೆ ಮುನ್ನ ತೆಗೆಯುವರು. ವರುಷ ವರುಷವೂ ನಡೆಯುವ ಕೆಲಸವಾದುದರಿಂದ ಅಲ್ಲಿಯ ಜನಕ್ಕೆ ಬಿಚ್ಚುವುದರಲ್ಲಿಯೂ ಒಂದು ಶಿಸ್ತುಂಟು. ಮದುವೆಯ ಮನೆಯಲ್ಲಿ ಹಾಗಲ್ಲ. ದಿಬ್ಬಣ ಹೊರಟಿತು, ನೆಂಟರು ಚದುರಿದರು, ಮಗಳಿಲ್ಲದ ಮನೆ ಬಿಕೋ ಎನ್ನುತ್ತಿದೆ. ಒಣಗಿದ ತೊಪ್ಪಲಿನ ಕಡೆ ನೋಡಲೂ ಯಾರಿಗೂ ಮನಸ್ಸಿಲ್ಲ. ಆ ಹೊತ್ತಿನಲ್ಲಿ ಒಬ್ಬನು ಎದ್ದು ಗಂಟು ಬಿಚ್ಚತೊಡಗುವನು. ಬಿಚ್ಚಬೇಕು, ಕತ್ತರಿಸಬಾರದು, ಹಗ್ಗ ಇನ್ನೊಂದು ಮನೆಯ ಕಾರ್ಯಕ್ಕೆ ಬೇಕು. ತೊಪ್ಪಲು ತಿಪ್ಪೆಗೆ. ಕೇಳಿ ತಂದ ಗಳಗಳನ್ನು ಎಣಿಸಿ, ಯಾರ ಯಾರ ಮನೆಯವೋ ಅವರವರಿಗೆ ಮುಟ್ಟಿಸಬೇಕು. ಕೊನೆಗೆ ಉಳಿಯುವುದು ಗುಣಿಗಳು. ಅಂಗಳದ ತುಂಬ ಹತ್ತು ಹನ್ನೆರಡು ಗುಣಿ, ಒಂದೊಂದೂ ಮೊಳದ ಆಳ. ಮುಚ್ಚದೆ ಬಿಟ್ಟರೆ ಕತ್ತಲಲ್ಲಿ ಮುದುಕರು ಎಡವುವರು, ಕರುವಿನ ಕಾಲು ಮುರಿಯುವುದು. ಗುಣಿ ಮುಚ್ಚಿದವನಿಗೆ ಮುಯ್ಯಿಲ್ಲ, ತಾಂಬೂಲವಿಲ್ಲ, ಭಾವಚಿತ್ರದಲ್ಲಿ ಅವನಿಲ್ಲ. ಕೆಲವೊಮ್ಮೆ ಅವನು ಮನೆಯ ಯಜಮಾನನೇ. ಕೆಲವೊಮ್ಮೆ ಅವನ ತಮ್ಮ. ಹಲವು ವೇಳೆ ಎಲ್ಲರೂ ಊಟ ಮಾಡಿದ ಮೇಲೆ ಉಂಡ ಆಳುಮಗ.

ಹಾಲುಗಂಬವನ್ನು ಮಾತ್ರ ಕೆಲವರು ಕೂಡಲೇ ಕೀಳದೆ ಉಳಿಸುವರು. ಹಸಿಯ ಕೊಂಬೆಯಾದುದರಿಂದ, ಬುಡದಲ್ಲಿ ನೀರಿನ ತೇವವಿದ್ದರೆ ಅದು ಚಿಗುರುವುದೂ ಉಂಟು. ಆಲ, ಹಾಲುವಾಣಗಳ ಕೊಂಬೆಗಳಿಗೆ ಆ ಶಕ್ತಿ ಚೆನ್ನಾಗಿ ಇರುವುದು. ಮಗಳು ಮೊದಲ ಹಬ್ಬಕ್ಕೆ ತವರಿಗೆ ಬಂದಾಗ ಅಂಗಳದ ಆ ಒಂಟಿಗಂಬದ ಕವಲಿನಲ್ಲಿ ಎರಡು ಎಲೆ ಮೂಡಿದ್ದರೆ, ಸೊಪ್ಪು ತಿನ್ನಲು ಬಂದ ಮೇಕೆಯನ್ನು ಅಟ್ಟುವುದು ಅವಳ ಪಾಲಿನ ಕೆಲಸವಾಗುವುದು.